ಮದುವೆಯ ಪತ್ರ ಯಾರ ಬೀರುವಿನಲ್ಲಿದೆ?

ಗಂಡ ಅಮೆರಿಕದಲ್ಲಿ, ಹೆಂಡತಿ ತವರಿನಲ್ಲಿ. ವೀಸಾ ಅರ್ಜಿಗೆ ಮದುವೆಯ ಪ್ರಮಾಣಪತ್ರ ಬೇಕು. ‘ಅದೆಲ್ಲೋ ಕಳೆದಿದೆ, ಹೊಸದು ತೆಗೆಸಲು ಖರ್ಚಿದೆ, ನಿಮ್ಮಪ್ಪನನ್ನು ಕೇಳು’ ಎನ್ನುತ್ತಾರೆ ಅತ್ತೆಮನೆಯವರು. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನದನ್ನು ವರದಕ್ಷಿಣೆ ಎಂದೇ ಕರೆಯುತ್ತೇನೆ. ಮದುವೆಯ ಸಂಬಂಧವಾಗಿ ಆಮೇಲೆ ಕೇಳಿದ ಹಣವೂ 1961ರ ಕಾಯಿದೆಯಡಿ ವರದಕ್ಷಿಣೆಯೇ.

ಸೋದರಿಯರೇ, ನೋಂದಣಿ ಆಗಿದ್ದರೆ ಆ ಪತ್ರಕ್ಕೆ ಯಾರ ಕೃಪೆಯೂ ಬೇಡ. 1955ರ ಹಿಂದೂ ವಿವಾಹ ಕಾಯಿದೆಯ 8ನೇ ಕಲಮಿನಂತೆ ವಿವಾಹ ನೋಂದಣಿ ಪುಸ್ತಕವನ್ನು ನೋಡಲು ಅವಕಾಶವಿದೆ. ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ದೃಢೀಕೃತ ನಕಲು ಕೊಡಬೇಕು. ನೋಂದಣಿಯಾದ ಸಬ್ ರಿಜಿಸ್ಟ್ರಾರ್ ಕಚೇರಿಗೆ ಲಗ್ನಪತ್ರಿಕೆ ಹಿಡಿದು ಹೋಗಿ. ಪುಸ್ತಕ ಹುಡುಕಲು ತಾರೀಖು, ಇಬ್ಬರ ಹೆಸರು ಬೇಕು. ‘ಯಜಮಾನರನ್ನು ಕರಕೊಂಡು ಬಾಮ್ಮ’ ಎಂದು ಗುಮಾಸ್ತ ಹೇಳಿದರೆ ಕಲಮು ತೋರಿಸಿ. ಒಬ್ಬರೇ ಹೋಗಬೇಡಿ. ಸಂಘದಿಂದ ನಾಲ್ವರು ಹೋದರೆ ಕೂರಲು ಕುರ್ಚಿಯೂ ಸಿಗುತ್ತದೆ!

ನೋಂದಣಿಯೇ ಆಗಿಲ್ಲವೆಂದರೆ ತೊಡಕು. ಎಲ್ಲ ಮದುವೆಗಳ ನೋಂದಣಿ ಕಡ್ಡಾಯವಾಗಲಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ. ಅದಕ್ಕೂ ಮುಂಚಿನ ಎಷ್ಟೋ ಮದುವೆಗಳು ಚಪ್ಪರದಲ್ಲೇ ಮುಗಿದವು. ನೋಂದಣಿ ಇಲ್ಲವೆಂದು ಮದುವೆ ಸುಳ್ಳಾಗದು, ತಡವಾಗಿಯೂ ಮಾಡಿಸಬಹುದು. ಆದರೆ ಅದಕ್ಕೆ ಗಂಡನ ಸಹಿ ಬೇಕು. ದುಡ್ಡಿನ ಮಾತು ಶುರುವಾಗುವುದೇ ಆ ಸಹಿಯಿಂದ. ನಿಮ್ಮ ಮನೆಯಲ್ಲಿ ಈಗ ಮದುವೆ ನಿಶ್ಚಯವಾಗಿದ್ದರೆ, ಹುಡುಗ ವಿಮಾನ ಹತ್ತುವ ಮೊದಲೇ ನೋಂದಣಿ ಮುಗಿಸಿ. ನಕಲು ಎರಡು ತೆಗೆಸಿ, ಒಂದು ತವರಿನ ಪೆಟ್ಟಿಗೆಯಲ್ಲಿರಲಿ.