ಕೊನೇ ಬೆಂಚಿನ ಹುಡುಗಿ ಮತ್ತು ವಾಟ್ಸಾಪ್ ಗುಂಪು

ಮೊನ್ನೆ ಎಮ್ಮಿಗನೂರಿಗೆ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಈಗ ಡಿಗ್ರಿ ಓದ್ತಿದ್ದಾಳೆ. ಮಾತಾಡ್ತಾ ಮಾತಾಡ್ತಾ 2020ರ ಕೊರೊನಾ ದಿನಗಳ ನೆನಪು ಬಂತು.

ಆಗ ಅವಳು ಎಂಟನೇ ಕ್ಲಾಸು. ಶಾಲೆ ಮುಚ್ಚಿತ್ತು. ಮೇಷ್ಟ್ರು ವಾಟ್ಸಾಪ್ ಗುಂಪು ಮಾಡಿ ದಿನಾ ಒಂದು ಪ್ರಶ್ನೆ ಹಾಕ್ತಿದ್ರು. ಕ್ಲಾಸಿನಲ್ಲಿ ಬಾಯೇ ಬಿಡದ ಹುಡುಗಿ ಅಲ್ಲಿ ಉದ್ದುದ್ದ ಉತ್ತರ ಬರೀತಿದ್ಲು! ಅದೂ ರಾತ್ರಿ ಒಂಬತ್ತರ ಮೇಲೆ. ಮನೇಲಿದ್ದ ಒಂದೇ ಸ್ಮಾರ್ಟ್‌ಫೋನು ಹಗಲೆಲ್ಲಾ ಭಾವನ ಜೇಬಲ್ಲಿ ಭತ್ತದ ಗದ್ದೇಲಿರ್ತಿತ್ತು. ಶಾಲೆ ಮತ್ತೆ ಶುರುವಾದ ಮೇಲೆ? ಮತ್ತದೇ ಮೌನ.

"ಯಾಕವ್ವಾ?" ಅಂತ ಕೇಳಿದೆ.

"ಕ್ಲಾಸಿನಾಗ ತಪ್ಪು ಹೇಳಿದ್ರ ನಗ್ತಿದ್ರು ಮಾಮ. ಫೋನಿನಾಗಾದ್ರ ಬರ್ದು, ಅಳಿಸಿ, ಮತ್ತ ಬರೀಬೋದಿತ್ತು" ಅಂದ್ಲು.

ನಾವೂ ಹಾಗೇ ಅಲ್ವಾ? ಸಭೇಲಿ ಮೈಕ್ ಹಿಡಿಯೋಕೆ ನಡುಗೋರು ಬ್ಲಾಗಲ್ಲಿ ಪುಟಗಟ್ಟಲೆ ಬರೀತೀವಿ :)

ಹಾಗಂತ ಎಲ್ಲರಿಗೂ ಟ್ಯಾಬ್ ಕೊಟ್ಟುಬಿಟ್ರೆ ಆಯ್ತು ಅಂತ ನಂಗೆ ಅನ್ಸಲ್ಲ. 2020ರ ಆಗಸ್ಟ್‌ನಲ್ಲಿ ಸರ್ಕಾರ 'ವಿದ್ಯಾಗಮ' ಶುರು ಮಾಡಿದಾಗ ಮಕ್ಕಳನ್ನ ಮೂರು ಗುಂಪು ಮಾಡಬೇಕಾಯ್ತು: ಯಾವ ಫೋನೂ ಇಲ್ಲದವರು, ಇಂಟರ್ನೆಟ್ ಇಲ್ಲದ ಮಾಮೂಲಿ ಫೋನಿನವರು, ಸ್ಮಾರ್ಟ್‌ಫೋನಿನವರು. ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೋಗಿ ಗುಡೀಲಿ, ಮರದ ನೆರಳಲ್ಲಿ ಪಾಠ ಮಾಡಿದ್ರು. ಸೋಂಕಿನ ಸುದ್ದಿ ಬಂದು ಅಕ್ಟೋಬರ್‌ನಲ್ಲಿ ಅದೂ ನಿಂತಿತು. ನಮ್ಮ ಹುಡುಗಿಗೆ ಬಾಯಿ ಕೊಟ್ಟ ವಾಟ್ಸಾಪ್ ಗುಂಪಿನಲ್ಲಿ ಫೋನಿಲ್ಲದ ಅವಳ ಗೆಳತಿಗೆ ಜಾಗವೇ ಇರಲಿಲ್ಲ.

ಫೋನು ಅವಳಿಗೆ ಕೊಟ್ಟಿದ್ದು ಎರಡೇ: ಯೋಚಿಸೋಕೆ ಪುರುಸೊತ್ತು, ಯಾರೂ ನಗದ ಜಾಗ. ಇವೆರಡನ್ನೂ ಫೋನಿಲ್ಲದೇನೇ ಕೊಡಬಹುದು. ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಸುಮಾರು ಒಂದೇ ಸೆಕೆಂಡು ಕಾಯ್ತಾರೆ, ಮೂರು ಸೆಕೆಂಡಾದ್ರೂ ಕಾದ್ರೆ ಉತ್ತರ ಉದ್ದವಾಗುತ್ತೆ, ಹೆಚ್ಚು ಮಕ್ಕಳು ಬಾಯಿ ಬಿಡ್ತಾರೆ ಅಂತ ಅಮೆರಿಕದ ಮೇರಿ ಬಡ್ ರೋ ಅನ್ನೋ ಸಂಶೋಧಕಿ 1970ರ ದಶಕದಲ್ಲೇ ತೋರಿಸಿದ್ರು. ಮೂರೇ ಸೆಕೆಂಡು! ಪ್ರಶ್ನೆ ಕೇಳಿ, ಎಲ್ಲರೂ ಎರಡು ನಿಮಿಷ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೀಲಿ. ಪಕ್ಕದವರಿಗೆ ತೋರಿಸ್ಲಿ. ಆಮೇಲೆ ಕೈ ಎತ್ತಲಿ.

ವಾಟ್ಸಾಪ್ ಗುಂಪು ಬೇಡ ಅಂತಿಲ್ಲ, ಇರಲಿ. ಆದ್ರೆ ರಾತ್ರಿ ಬಂದ ಒಳ್ಳೇ ಉತ್ತರವನ್ನ ಬೆಳಿಗ್ಗೆ ಕ್ಲಾಸಲ್ಲಿ, ಫೋನಿಲ್ಲದವರೂ ಕೇಳೋ ಹಾಗೆ, ಬರೆದವಳ ಹೆಸರು ಹೇಳಿ ಓದಿದ್ರೆ ಸಾಕಿತ್ತು. ಆ ಹುಡುಗಿ ಮಾರನೇ ದಿನ ತಾನೇ ಎದ್ದು ನಿಲ್ತಿದ್ಲೇನೋ...

ಉತ್ತರ ಗೊತ್ತಿದ್ದೂ ಸುಮ್ಮನೆ ಕೂತ ದಿನ ನಿಮಗೆ ನೆನಪಿದ್ಯಾ? ನಂಗಂತೂ ಇದೆ.