ಮುನಿಗಳಿಗೆ ಮನೆಯಿಲ್ಲ, ವಿನಾಯಿತಿ ಯಾರಿಗೆ?

ದಿಗಂಬರ ಮುನಿಗಳಿಗೆ ಸ್ವಂತ ಮನೆಯೆಂಬುದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯ ಮಹಾವ್ರತದ ಭಾವನೆಗಳಲ್ಲಿ ಶೂನ್ಯಾಗಾರ ಮತ್ತು ವಿಮೋಚಿತಾವಾಸಗಳನ್ನು ಹೇಳುತ್ತದೆ: ಬರಿದಾದ ಗುಹೆ, ಅನ್ಯರು ತೊರೆದ ನೆಲೆ. ಹೀಗಿರುವಾಗ ತ್ಯಾಗಿ ನಿವಾಸಕ್ಕೆ ದೊರೆಯುವ ತೆರಿಗೆ ವಿನಾಯಿತಿಯ ಫಲ ಸಲ್ಲುವುದು ಮುನಿಗಳಿಗಲ್ಲ, ಕಟ್ಟಡದ ಒಡೆತನವುಳ್ಳ ಟ್ರಸ್ಟಿಗೆ; ಎಂದರೆ ಶ್ರಾವಕರಿಗೆ.

ಡೊಂಬಿವಲಿ ಎಂಐಡಿಸಿ ಪರಿಸರದ ಕನ್ನಡ ಜೈನ ಕುಟುಂಬಗಳು ಈ ಭೇದವನ್ನು ಅರಿಯಬೇಕು. ಮಹಾರಾಷ್ಟ್ರದ ಮಹಾನಗರಪಾಲಿಕೆಗಳ 1949ರ ಅಧಿನಿಯಮದ 132ನೆಯ ಕಲಮು, ಕೇವಲ ಸಾರ್ವಜನಿಕ ಪೂಜೆಗೆ ಅಥವಾ ಸಾರ್ವಜನಿಕ ದತ್ತಿಕಾರ್ಯಕ್ಕೆ ಬಳಕೆಯಾಗುವ ಭಾಗವನ್ನು ಸಾಮಾನ್ಯ ತೆರಿಗೆಯಿಂದ ಹೊರಗಿಟ್ಟಿದೆ. ಬಾಡಿಗೆ ತರುವ ಭಾಗಕ್ಕೆ, ಆ ಹಣವನ್ನು ಧರ್ಮಕಾರ್ಯಕ್ಕೇ ವಿನಿಯೋಗಿಸಿದರೂ, ವಿನಾಯಿತಿಯಿಲ್ಲ. ಅಮೆರಿಕದಲ್ಲಿ ಧರ್ಮಗುರುಗಳ ವಸತಿ ಭತ್ಯೆಗೆ ಆದಾಯ ತೆರಿಗೆಯ ವಿನಾಯಿತಿಯುಂಟು. 2019ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯವೊಂದು ಅದನ್ನು ಎತ್ತಿಹಿಡಿಯಿತು. ಅಲ್ಲಿ ವಿನಾಯಿತಿ ವ್ಯಕ್ತಿಯ ಪದವಿಗೆ. ಇಲ್ಲಿಯ ಪಾಲಿಕೆ ಕಾಯಿದೆ ನೋಡುವುದು ಕಟ್ಟಡದ ಬಳಕೆಯನ್ನು.

ಚಾತುರ್ಮಾಸದಲ್ಲಿ ಸಂಘ ತಂಗಿದ ಕೋಣೆಗಳನ್ನು ಉಳಿದ ಎಂಟು ತಿಂಗಳು ಮದುವೆಯ ದಿಬ್ಬಣಗಳಿಗೆ ಬಾಡಿಗೆಗೆ ಕೊಟ್ಟು, ಕಾಗದದಲ್ಲಿ ಮಾತ್ರ ‘ತ್ಯಾಗಿ ನಿವಾಸ’ವೆಂದು ಬರೆಯುವ ಟ್ರಸ್ಟು ಮುನಿಗಳ ಅಪರಿಗ್ರಹವನ್ನು ತನ್ನ ಪರಿಗ್ರಹಕ್ಕೆ ಮರೆಯಾಗಿಸಿಕೊಳ್ಳುತ್ತದೆ. ಅದೇ ಏಳನೆಯ ಅಧ್ಯಾಯವು ವಿರುದ್ಧರಾಜ್ಯಾತಿಕ್ರಮವನ್ನು, ಅಂದರೆ ರಾಜ್ಯದ ಕಟ್ಟಳೆಯನ್ನು ಮೀರುವುದನ್ನು, ಗೃಹಸ್ಥರ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ.

ಅರಸರು ಬಸದಿಗಳಿಗೆ ಸರ್ವಮಾನ್ಯ ದತ್ತಿ ಬಿಡಲಿಲ್ಲವೇ ಎಂದು ಕೆಲವರು ಕೇಳಬಹುದು. ಬಿಟ್ಟರು, ಆದರೆ ದೇವಪೂಜೆ, ಋಷಿಗಳ ಆಹಾರದಾನ, ಖಂಡಸ್ಫುಟಿತ ಜೀರ್ಣೋದ್ಧಾರ ಎಂದು ಉದ್ದೇಶವನ್ನೂ ಶಾಸನದ ಕಲ್ಲಿನಲ್ಲೇ ಕೊರೆಯಿಸಿದರು.

2016ರ ಮತ್ತು 2024ರ ಮೇ ತಿಂಗಳುಗಳಲ್ಲಿ ಡೊಂಬಿವಲಿ ಎಂಐಡಿಸಿಯ ರಾಸಾಯನಿಕ ಕಾರ್ಖಾನೆಗಳು ಸ್ಫೋಟಗೊಂಡು ಹಲವರು ಪ್ರಾಣ ಕಳೆದುಕೊಂಡರು. ಅಂಥ ದಿನ ಓಡಿಬರುವ ಅಗ್ನಿಶಾಮಕ ದಳ ತೆರಿಗೆ ಕೊಟ್ಟವರಾರೆಂದು ಕೇಳುವುದಿಲ್ಲ. ಒಬ್ಬರು ಅನ್ಯಾಯವಾಗಿ ಉಳಿಸಿಕೊಂಡ ಪಾಲಿನ ಭಾರ ನೆರೆಯವರ ಮೇಲೆ ಬೀಳುತ್ತದೆ.

ಆದುದರಿಂದ ಪ್ರತಿ ಟ್ರಸ್ಟು ವಾರ್ಷಿಕ ಸಭೆಯಲ್ಲಿ ಮೂರು ಲೆಕ್ಕಗಳನ್ನು ಓದಲಿ: ಕೋಣೆಗಳಲ್ಲಿ ತ್ಯಾಗಿಗಳು ತಂಗಿದ ದಿನಗಳೆಷ್ಟು, ಬಾಡಿಗೆಗೆ ಹೋದ ದಿನಗಳೆಷ್ಟು, ಕಟ್ಟಿದ ತೆರಿಗೆಯೆಷ್ಟು. ದೂರದ ಊರುಗಳಿಂದ ದೇಣಿಗೆ ಕಳುಹಿಸುವ ಕುಟುಂಬಗಳೂ ರಸೀದಿಯೊಡನೆ ಈ ಲೆಕ್ಕವನ್ನು ಕೇಳಿ ಪಡೆಯಲಿ. ಪೂಜೆಯ ಮಂದಿರಕ್ಕೂ ತ್ಯಾಗಿಗಳ ವಸತಿಕೆಗೂ ಕಾಯಿದೆಯಂತೆ ಸಲ್ಲುವ ವಿನಾಯಿತಿಯನ್ನು ಸಂಕೋಚವಿಲ್ಲದೆ ಪಡೆಯೋಣ. ಬಾಡಿಗೆಯ ಕೋಣೆಯ ತೆರಿಗೆಯನ್ನು ಅಷ್ಟೇ ನಿಸ್ಸಂಕೋಚವಾಗಿ ಕಟ್ಟೋಣ.