ಪದ ಪರಿಚಯ: ಫ್ಲರಿಶ್

ಬಾರ್ಕೂರಿನ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆಯುವವರಿಗೆ ‘ಫ್ಲರಿಶ್’ ಎಂಬ ಕ್ರಿಯಾಪದ ಬೇಕೇ ಬೇಕು. ಆಳುಪರ ರಾಜಧಾನಿಯಾಗಿದ್ದು, ಮುಂದೆ ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರವಾಗಿ ಮೆರೆದ ಊರಿದು. ‘ಬಾರ್ಕೂರ್ ಫ್ಲರಿಶ್ಡ್ ಅಂಡರ್ ದಿ ಆಳುಪಾಸ್’ ಎಂದರೆ ಆಳುಪರ ಕಾಲದಲ್ಲಿ ಬಾರ್ಕೂರು ಏಳಿಗೆ ಹೊಂದಿತ್ತು ಎಂದರ್ಥ.

ಪದದ ಮೂಲ ಲ್ಯಾಟಿನ್ನಿನ ‘ಫ್ಲೋಸ್’, ಅಂದರೆ ಹೂವು. ಫ್ಲವರ್, ಸಸ್ಯಶಾಸ್ತ್ರದ ಫ್ಲೋರಾ ಇದರ ಒಡಹುಟ್ಟುಗಳು. ಹೂ ಬಿಟ್ಟ ಗಿಡದಂತೆ ನಳನಳಿಸುವುದೇ ಇದರ ಮೊದಲ ಅರ್ಥ. ಉಚ್ಚಾರ ಫ್ಲೋರಿಶ್ ಅಲ್ಲ, ಫ್ಲೌರಿಶ್ ಅಲ್ಲ; ಫ್ಲರಿಶ್.

ವಿದ್ಯಾರ್ಥಿಗಳು ಎಡವುವುದು ಬಳಕೆಯಲ್ಲಿ. ಏಳಿಗೆಯ ಅರ್ಥದಲ್ಲಿ ಇದು ಅಕರ್ಮಕ. ಅರಸ ಊರನ್ನು ಬೆಳೆಸಿದ ಎನ್ನಲು ‘ದಿ ಕಿಂಗ್ ಫ್ಲರಿಶ್ಡ್ ದಿ ಟೌನ್’ ಎಂದು ಬರೆದರೆ ತಪ್ಪು. ಕರ್ಮಪದ ಸೇರಿದೊಡನೆ ಅರ್ಥ ‘ಝಳಪಿಸು’ ಎಂದಾಗುತ್ತದೆ. ‘ಹಿ ಫ್ಲರಿಶ್ಡ್ ಹಿಸ್ ಸೋರ್ಡ್’ ಎಂದರೆ ಅವನು ಕತ್ತಿ ಝಳಪಿಸಿದ. ಕತ್ತಿಯನ್ನು ಝಳಪಿಸಬಹುದು, ಊರನ್ನು ಝಳಪಿಸಲಾದೀತೆ? ‘ದಿ ಟೌನ್ ಫ್ಲರಿಶ್ಡ್ ಅಂಡರ್ ದಿ ಕಿಂಗ್’ ಎಂಬುದೇ ಸರಿ.

ಸಮೀಪದ ಪದ ‘ಥ್ರೈವ್’. ಕರಾವಳಿಯ ಮರಳುಮಣ್ಣಿನಲ್ಲಿ ತೆಂಗು ಹುಲುಸಾಗಿ ಬೆಳೆಯುವುದಕ್ಕೆ ಈ ಪದ ಚೆನ್ನಾಗಿ ಒಪ್ಪುತ್ತದೆ. ಫ್ಲರಿಶ್ ಎಂದರೂ ತಪ್ಪಲ್ಲ. ಹಣಕಾಸಿನ ಏಳಿಗೆಗೆ ಹೆಚ್ಚಾಗಿ ‘ಪ್ರಾಸ್ಪರ್’.

ಚರಿತ್ರೆಯ ಪುಸ್ತಕಗಳಲ್ಲಿ ಹೆಸರಿನ ಪಕ್ಕ ‘ಎಫ್‌ಎಲ್’ ಎಂಬ ಎರಡಕ್ಷರ ಕಾಣುವುದುಂಟು. ಅದು ಲ್ಯಾಟಿನ್ನಿನ ‘ಫ್ಲೋರೂಇಟ್’, ಅಂದರೆ ‘ಅರಳಿದ್ದ’. ಹುಟ್ಟು ಸಾವಿನ ವರ್ಷ ಖಚಿತವಿಲ್ಲದಾಗ, ಆ ವ್ಯಕ್ತಿ ಬಾಳಿ ಹೆಸರಾದ ಕಾಲವನ್ನು ಹೀಗೆ ಸೂಚಿಸುತ್ತಾರೆ. ಮೂಡುಬಿದಿರೆಯ ಕವಿ ರತ್ನಾಕರವರ್ಣಿಗೆ ಅದು 16ನೆಯ ಶತಮಾನ.

ಪದದ ಅರ್ಥವನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದರೆ ಸಾಲದು. ಬಾರ್ಕೂರಿನ ಕತ್ತಲೆ ಬಸದಿಯನ್ನು ತೋರಿಸಿ, ‘ಫ್ಲರಿಶ್’ ಬಳಸಿ ಒಂದೇ ಒಂದು ಸ್ವಂತ ವಾಕ್ಯ ಬರೆಸಿದರೆ ಪದವೂ ಉಳಿದೀತು, ಊರಿನ ಚರಿತ್ರೆಯೂ ನೆನಪಿದ್ದೀತು.